ತಂಗಿಯ ಕಾದಂಬರಿಯಲ್ಲಿ ಅಪ್ಪ

ಅಲ್ಲ, ಅದು ಎಪ್ಪತ್ತೊಂದರ ಯುದ್ಧದ ವಾರವೇ ಆಗಿರಬೇಕೆಂದಿಲ್ಲ. ಮೈದಾ ಹಿಟ್ಟಿನ ಅಂಟು ಒಲೆಯ ಮೇಲೆ ಕುದಿಯುತ್ತಿದ್ದದ್ದು ನೆನಪಿದೆ. ಬ್ಲ್ಯಾಕ್‌ಔಟ್‌ಗೆಂದು ಕಿಟಕಿಯ ಗಾಜಿಗೆಲ್ಲ ಕಂದು ಕಾಗದ ಅಂಟಿಸಿದ್ದೂ ನೆನಪಿದೆ. ಆದರೆ ಎರಡೂ ಒಂದೇ ದಿನದ್ದು ಎಂದು ಹೇಳಿದವರು ಯಾರು? ನಾನೇ. ಎಷ್ಟೋ ವರ್ಷ ಹಾಗೆ ಹೇಳುತ್ತಾ ಬಂದು, ಈಗ ಅದು ನೆನಪೋ ನನ್ನ ಮಾತಿನ ಅಭ್ಯಾಸವೋ ತಿಳಿಯದಂತಾಗಿದೆ. ಕಾಗದ ಕಂದೋ ಕಪ್ಪೋ, ಅದೂ ಈಗ ಖಚಿತವಿಲ್ಲ.

ನನ್ನ ತಂಗಿಗೆ ಇಂಥ ಪೇಚಾಟವೇ ಇಲ್ಲ. ಆ ಚಳಿಗಾಲದಲ್ಲಿ ಅವಳು ದೆಹಲಿಯ ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ತೊಟ್ಟಿಲಲ್ಲಿ ಹಾಲು ಕಕ್ಕಿಕೊಂಡು ಮಲಗಿದ್ದಳು. ಅವಳಿಗೆ ಏನೂ ನೆನಪಿಲ್ಲ. ಅದಕ್ಕೇ ನಾನೂರು ಪುಟ ಬರೆದಿದ್ದಾಳೆ.

ಪುಸ್ತಕ ಇಂಗ್ಲಿಷಿನಲ್ಲಿದೆ. ಹೊದಿಕೆಯ ಮೇಲೆ ಬೆನ್ನು ತೋರಿಸಿ ನಿಂತ ಸೀರೆಯ ಹೆಂಗಸು. ಈ ಜಾತಿಯ ಐತಿಹಾಸಿಕ ಕಾದಂಬರಿಗಳಲ್ಲಿ ಹೆಂಗಸರಿಗೆ ಮುಖವಿರುವುದಿಲ್ಲ, ಬೆನ್ನು ಮಾತ್ರ. ಒಳಗೆ ಪ್ರೇಮ, ಯುದ್ಧ, ಒಂದು ಟ್ರಂಕು. ಟ್ರಂಕು ಇರಲೇಬೇಕು. ಅದರಲ್ಲಿ ಕಾಗದಗಳ ಕಟ್ಟು ಐವತ್ತು ವರ್ಷ ಗೆದ್ದಲು ಹಿಡಿಯದೆ, ಇಲಿ ಕಡಿಯದೆ, ಸರ್ಕಾರಿ ಮನೆ ಖಾಲಿ ಮಾಡುವಾಗ ರದ್ದಿಯವನಿಗೆ ಹೋಗದೆ, ಮೊಮ್ಮಗಳು ಬಂದು ಬೀಗ ತೆಗೆಯುವವರೆಗೆ ಕಾಯುತ್ತಾ ಕುಳಿತಿರುತ್ತದೆ. ನಾವು ಮೂರು ಕ್ವಾರ್ಟರ್ಸ್ ಬದಲಿಸಿದವರು. ನನ್ನ ಅಮ್ಮನ ಮದುವೆಯ ಫೋಟೋ ಕೂಡ ಉಳಿದಿಲ್ಲ. ಈ ಟ್ರಂಕುಗಳೆಲ್ಲ ಯಾರ ಮನೆಯಲ್ಲಿರುತ್ತವೆ ಎಂದು ನನಗೆ ಯಾರಾದರೂ ತೋರಿಸಲಿ.

ಯುದ್ಧವಂತೂ ಅವಳ ಪುಸ್ತಕದಲ್ಲಿ ಕೂಲಿಯಾಳು. ಪ್ರೇಮಿಯನ್ನು ಎತ್ತಿಕೊಂಡು ಹೋಗಿ ಗಡಿಯಲ್ಲಿ ಇಳಿಸಿ ಬರುವುದಷ್ಟೇ ಅದರ ಕೆಲಸ. ಆ ವರ್ಷ ಸೀಮೆಎಣ್ಣೆಗೆ ಅಮ್ಮ ಎಷ್ಟು ಹೊತ್ತು ನಿಂತಳು, ಸೈರನ್ ಕೂಗಿದಾಗ ಪಕ್ಕದ ಮನೆಯ ಮುದುಕ ಹೇಗೆ ಚಡ್ಡಿಯಲ್ಲೇ ಒದ್ದೆ ಮಾಡಿಕೊಂಡ, ಇಂಥವು ಅಲ್ಲಿಲ್ಲ. ಇರಲಿ. ಕೆಟ್ಟ ಪುಸ್ತಕ ಬರೆಯುವ ಹಕ್ಕು ಎಲ್ಲರಿಗೂ ಇದೆ, ನಾನೂ ಎರಡು ಬರೆದಿದ್ದೇನೆ. ನನ್ನ ಸಿಟ್ಟು ಒಬ್ಬ ಮನುಷ್ಯನ ಬಗ್ಗೆ. ಕಾದಂಬರಿಯಲ್ಲಿ ನಾಯಕಿಯ ಕಾಗದಗಳನ್ನು ಕದ್ದು ಬಚ್ಚಿಟ್ಟು ಅವಳ ಬಾಳನ್ನು ಹಾಳು ಮಾಡುವ ಅಣ್ಣನೊಬ್ಬನಿದ್ದಾನೆ. ಅವನು ನಶ್ಯ ಹಾಕುತ್ತಾನೆ. ಮಂತ್ರಾಲಯದ ರವಾನೆ ವಿಭಾಗದಲ್ಲಿ ಗುಮಾಸ್ತ. ಊಟಕ್ಕೆ ಮೊದಲು ವಾಚು ಬಿಚ್ಚಿ ಕಿಟಕಿಯ ಮೇಲಿಡುತ್ತಾನೆ. ಅವನು ನಮ್ಮ ಅಪ್ಪ.

ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಬದುಕಿರುವವಳು ನಾಯಕಿ. ಅವಳು ಅಪ್ಪನ ತಂಗಿ, ನನ್ನ ಸೋದರತ್ತೆ. ಎಂಬತ್ತರ ಹತ್ತಿರ ಬಂದಿದ್ದಾಳೆ, ನೋಯ್ಡಾದ ಫ್ಲ್ಯಾಟಿನಲ್ಲಿ ನನ್ನ ಜೊತೆ ಇದ್ದಾಳೆ. ಕಣ್ಣಿನ ನಡುಭಾಗ ಮಂಜಾಗಿ ಓದಲಾಗುವುದಿಲ್ಲ. ತಂಗಿಯ ಪುಸ್ತಕ ಬಂದ ದಿನ ಅದನ್ನು ಮೂಸಿ ನೋಡಿ, "ನನಗೆ ಓದಿ ಹೇಳು, ಕನ್ನಡದಲ್ಲಿ," ಎಂದಳು.

ಇನ್ನು ನಡೆದದ್ದು. ಅಥವಾ ನಡೆದದ್ದು ಎಂದು ನಾನು ಇಟ್ಟುಕೊಂಡಿರುವುದು.

ಅಮ್ಮನ ಎರಡನೆಯ ಬಾಣಂತನಕ್ಕೆಂದು ಅತ್ತೆ ಊರಿನಿಂದ ಬಂದಳು, ವಾಪಸು ಹೋಗಲಿಲ್ಲ. ಭಾನುವಾರ ಊಟಕ್ಕೆ ಅಪ್ಪನ ಸ್ನೇಹಿತರೊಬ್ಬರ ತಮ್ಮ ಬರುತ್ತಿದ್ದ. ಸೇನೆಯ ಸಾಮಾನು ಉಗ್ರಾಣದಲ್ಲಿ ಗುಮಾಸ್ತ, ಕಂಬಳಿ, ಬೂಟು, ಮಗ್ಗು ಎಣಿಸುವ ಕೆಲಸ. ತಂಗಿಯ ಪುಸ್ತಕದಲ್ಲಿ ಅವನು ಕ್ಯಾಪ್ಟನ್. ಯುದ್ಧ ಬರುತ್ತದೆ ಎನ್ನುವಾಗ ಅವನನ್ನು ಗಡಿಯ ಕಡೆ ಕಳಿಸಿದರು. ಅಲ್ಲಿಂದ ಅತ್ತೆಯ ಹೆಸರಿಗೆ ಖಾಕಿ ಲಕೋಟೆಗಳು ಬರತೊಡಗಿದವು. ಅಪ್ಪ ಆಫೀಸಿನಲ್ಲಿರುವ ಹೊತ್ತಿಗೆ ಪೋಸ್ಟ್‌ಮ್ಯಾನ್ ಬರುತ್ತಿದ್ದ. ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಸೇನೆಯ ನಿಯಮದಂತೆ ಕಾಗದದೊಳಗೆ ಊರಿನ ಹೆಸರು ಬರೆಯಕೂಡದು. ಲಕೋಟೆಯ ಮುಂಭಾಗದ ಎಡಮೂಲೆಯಲ್ಲಿ ಅವನ ತುಕಡಿಯ ಅಂಕಿ ಇರುತ್ತಿತ್ತು, ಅದೇ ವಿಳಾಸ. ತುಕಡಿ ಬದಲಾದಾಗ ಅಂಕಿಯೂ ಬದಲಾಗುತ್ತಿತ್ತು.

ಸರ್ಕಾರಿ ಕಚೇರಿಗಳಲ್ಲಿ ಆಗ ಎಕಾನಮಿ ಸ್ಲಿಪ್ ಎಂದು ಇತ್ತು. ಬಂದ ಲಕೋಟೆಯ ವಿಳಾಸದ ಮೇಲೆ ಹಾಳೆಯ ಚೀಟಿ ಅಂಟಿಸಿ, ಹೊಸ ವಿಳಾಸ ಬರೆದು ಅದೇ ಲಕೋಟೆಯನ್ನು ಮತ್ತೊಮ್ಮೆ ಕಳಿಸುವುದು. ರವಾನೆ ವಿಭಾಗದವರಾದ ಅಪ್ಪನಿಗೆ ಅದು ಮನೆಯಲ್ಲೂ ವ್ರತವಾಗಿತ್ತು. ನಮ್ಮ ಮನೆಗೆ ಬಂದ ಯಾವ ಲಕೋಟೆಯನ್ನೂ ಹರಿಯುವ ಹಾಗಿರಲಿಲ್ಲ. ಬ್ಲೇಡಿನಿಂದ ಅಂಚು ಬಿಡಿಸಿ ಬಾಗಿಲ ಹಿಂದಿನ ಗುಡ್ಡೆಗೆ ಹಾಕಬೇಕು. ದೆಹಲಿಯ ಕನ್ನಡದ ಮನೆಗಳೆಲ್ಲ ಸಂಕ್ರಾಂತಿಗೆ ಒಂದು ಕಡೆ ಸೇರುವ ಪದ್ಧತಿ ಇತ್ತು. ಕರೆಯೋಲೆ ಕಳಿಸುವ ಹೊಣೆ ಅಪ್ಪನದು. ಚೀಟಿ ಅಂಟಿಸುವ ಕೆಲಸ ನನ್ನದು. ನನಗೆ ಒಂಬತ್ತು ವರ್ಷ.

ಆ ಸಲ ಲಕೋಟೆ ಸಾಲಲಿಲ್ಲ. ಅತ್ತೆಯ ಹಾಸಿಗೆಯ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಇದ್ದವು. ಕಾಗದಗಳನ್ನು ಹಾಗೇ ಬಿಟ್ಟೆ, ಲಕೋಟೆಗಳನ್ನು ಮಾತ್ರ ತೆಗೆದುಕೊಂಡೆ. ಚೀಟಿಯನ್ನು ಎಡಮೂಲೆಯವರೆಗೂ ಎಳೆದು ಅಂಟಿಸಿದೆ, ಅಂದವಾಗಿ ಕಾಣಲೆಂದು. ಕರೋಲ್ ಬಾಗ್‌ನ ಯಾರೋ ಕೆಲವರಿಗೆ ಹೋದವು. ಆ ಅಂಕಿ ಹೋದ ಮೇಲೆ ಅತ್ತೆಗೆ ಉತ್ತರ ಬರೆಯಲು ವಿಳಾಸವಿರಲಿಲ್ಲ, ಅವನ ಕಾಗದವೂ ಮತ್ತೆ ಬರಲಿಲ್ಲ. ಮೈದಾ ಅಂಟು ಅತ್ತೆಯದೇ, ಅವಳೇ ಕುದಿಸಿ ಕೊಟ್ಟದ್ದು. ಈ ಕೊನೆಯ ವಾಕ್ಯವನ್ನು ನಾನು ನಂಬುವುದಿಲ್ಲ. ಚೆನ್ನಾಗಿ ಕೂತಿದೆ ಎಂಬ ಕಾರಣಕ್ಕೇ ನಂಬುವುದಿಲ್ಲ.

ಸ್ವಲ್ಪ ದಿನಕ್ಕೆ ಅತ್ತೆ ಅಪ್ಪನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, "ಅಣ್ಣ, ನನ್ನ ಪೆಟ್ಟಿಗೆ ಮುಟ್ಟಿದ್ಯಾ?" ಎಂದಳು. ಅಪ್ಪ, "ನಿನ್ನ ಪೆಟ್ಟಿಗೆ ನಂಗ್ಯಾಕೆ?" ಎಂದರು. ಅಲ್ಲಿಂದ ಅವಳು ಅಪ್ಪನ ಜೊತೆ ನೇರವಾಗಿ ಮಾತಾಡಲಿಲ್ಲ. ಇಪ್ಪತ್ತೆರಡು ವರ್ಷ. ಬಡಿಸುತ್ತಿದ್ದಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುತ್ತಿದ್ದಳು, ಮಾತು ಮಾತ್ರ ನನ್ನ ಮೂಲಕ. "ನಿಮ್ಮಪ್ಪಂಗೆ ಹೇಳು, ಸಾರು ಆರ್ತಿದೆ." "ನಿಮ್ಮತ್ತೆಗೆ ಹೇಳು, ಬರ್ತಿದೀನಿ." ಒಂದೇ ಕೋಣೆಯಲ್ಲಿ, ಮೂರು ಅಡಿ ದೂರದಲ್ಲಿ. ಆ ಮೂರು ಅಡಿಯಲ್ಲಿ ನಾನು ಓಡಾಡಿದೆ. ನನಗೆ ಕಾರಣ ಗೊತ್ತಿತ್ತು. ಒಂಬತ್ತಕ್ಕೆ ಹೇಳಲಿಲ್ಲ, ಹದಿನೆಂಟಕ್ಕೆ ಹೇಳಲಿಲ್ಲ, ಅಪ್ಪನ ಕೊನೆಯ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತೆಯ ಪಕ್ಕ ಕೂತು ಕಿತ್ತಳೆ ಸುಲಿಯುವಾಗಲೂ ಹೇಳಲಿಲ್ಲ.

ಮೂರು ವರ್ಷದ ಹಿಂದೆ ತಂಗಿ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿಕೊಂಡು ಮುನಿರ್ಕಾದ ತನ್ನ ಬಾಡಿಗೆ ಕೋಣೆಯಲ್ಲಿ ನನ್ನನ್ನು ಕೂರಿಸಿದಳು. ಅವಳು ಅಲ್ಲೇ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾಳೆ. ಅತ್ತೆ ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದಳು. ಕಾಗದ ಬರುತ್ತಿದ್ದವು ಎಂದೆ. ನಿಂತದ್ದು ಹೇಗೆ ಎಂದಳು. ನಾನು, "ಲಕೋಟೆಗಳು ಕಳೆದುಹೋದವು. ಅತ್ತೆಗೆ ಅಪ್ಪನ ಮೇಲೆ ಅನುಮಾನ," ಎಂದೆ. ಎರಡೂ ಸುಳ್ಳಲ್ಲ. ಅವೆರಡರ ನಡುವೆ ನಾನು ಅಡಗಿ ಕೂತೆ.

ಪುಸ್ತಕ ಓದಿದ ಬೆಳಿಗ್ಗೆ ಅವಳಿಗೆ ಫೋನ್ ಮಾಡಿದೆ.

"ಅಕ್ಕ, ಫಿಕ್ಷನ್ ಅದು. ಅಪ್ಪ ಅಂತ ಎಲ್ಲಿ ಬರ್ದಿದೀನಿ? ಭಾಯಿಸಾಬ್ ಅಂತ ಇದೆ."

"ನಿನ್ನ ಭಾಯಿಸಾಬ್ ನಶ್ಯ ಹಾಕ್ತಾನೆ. ಲೋಧಿ ಕಾಲೋನಿಲಿ ಇರ್ತಾನೆ. ಇನ್ಯಾರಮ್ಮಾ ಅದು?"

"ಅರೇ, ರೀಡರ್‌ಗೆ ಒಬ್ಬ ವಿಲನ್ ಬೇಕಲ್ವಾ."

"ಸತ್ತವನಾದ್ರೆ ಸಲೀಸು. ಕೇಸ್ ಹಾಕಲ್ಲ."

"ನೀನೇ ತಾನೇ ಹೇಳಿದ್ದು? ರೆಕಾರ್ಡಿಂಗ್ ಇದೆ, ಕಳಿಸ್ಲಾ?" ಅವಳು ಮುಂದುವರಿಸಿದಳು, "ಅಚ್ಛಾ ಸುನೋ, ಬಿಡುಗಡೆಗೆ ಅತ್ತೇನ ಕರ್ಕೊಂಡ್ ಬಾ. ಸ್ಟೇಜ್ ಮೇಲೆ ಐದು ನಿಮಿಷ ಕೂತ್ರೆ ಸಾಕು. ರೇಷ್ಮೆ ಸೀರೆ ಉಡಿಸು."

ಫೋನಿಟ್ಟೆ. ಎದುರಿನ ಗೋಡೆಗೆ ಪುಸ್ತಕ ಎಸೆದೆ ಎಂದು ಬರೆಯಬಹುದು, ಎಸೆಯಲಿಲ್ಲ. ಅತ್ತೆಗೆ ಓದಬೇಕಿತ್ತಲ್ಲ. ಅಪ್ಪ ಕಾಗದ ಕದ್ದರು ಎಂಬುದು ಇಷ್ಟು ದಿನ ಅವಳ ಅನುಮಾನ. ಅಣ್ಣನ ಸ್ವಂತ ಮಗಳೇ ಬರೆದು ಅಚ್ಚು ಹಾಕಿಸಿದ ಮೇಲೆ ಅದು ಅವಳಿಗೆ ಸಾಕ್ಷಿ. ಅದನ್ನು ಅವಳ ಕಿವಿಗೆ ಕನ್ನಡದಲ್ಲಿ ತಲುಪಿಸುವವಳು ಮತ್ತೆ ನಾನು.

ದಿನಾ ಊಟವಾದ ಮೇಲೆ ಬಾಲ್ಕನಿಯ ಬಿಸಿಲಿನಲ್ಲಿ ಓದತೊಡಗಿದೆ. ಮೊದಲ ದಿನವೇ ಅತ್ತೆಗೆ ಗುರುತು ಸಿಕ್ಕಿತು.

"ಕ್ಯಾಪ್ಟನ್ನಾ? ಅವನಾ?" ಎಂದು ನಕ್ಕಳು. "ಕಂಬಳಿ ಮಡಿಸ್ತಿದ್ದ ಕಣೇ. ಕುದುರೆ ಬೇರೆ ಕೊಟ್ಟಿದಾಳಾ? ಅವನು ಟಾಂಗಾ ಹತ್ತೋಕೂ ಹೆದರೋನು."

"ಓದೋದು ನಿಲ್ಲಿಸ್ಲಾ?"

"ಯಾಕೆ? ನನ್ನನ್ನ ಎಷ್ಟು ಚೆಂದ ಮಾಡಿದಾಳೆ ನೋಡೋಣ."

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಅಣ್ಣ ಪೆಟ್ಟಿಗೆ ತೆರೆಯುವ ಅಧ್ಯಾಯ ಬಂತು. ನಾನು ಓದುತ್ತಲೇ ಬದಲಿಸಿದೆ. ಕಾಗದಗಳು ಮನೆ ಬದಲಿಸುವಾಗ ಕಳೆದವು ಎಂದು ನನ್ನದೇ ಎರಡು ವಾಕ್ಯ ಸೇರಿಸಿ ಹಾಳೆಗಳನ್ನು ಒಟ್ಟಿಗೇ ತಿರುವಿದೆ.

"ನಾಲ್ಕು ಪುಟ ಹಾರಿಸಿದೆ," ಎಂದಳು ಅತ್ತೆ.

"ಇಲ್ಲ."

"ಕಣ್ಣು ಹೋಗಿದೆ, ಕಿವಿ ಇದೆ. ಓದು."

ಓದಿದೆ. ನಶ್ಯದ ಬೆರಳು, ಬೀಗ, ಕಾಗದಗಳ ಕಟ್ಟು, ಅಣ್ಣನ ತುಟಿಯ ಮೇಲಿನ ನಗೆ, ಎಲ್ಲ. ಅಪ್ಪ ಹಾಗೆ ಯಾವತ್ತೂ ನಕ್ಕವರಲ್ಲ. ಮುಗಿದಾಗ ಅತ್ತೆ ಮಡಿಲಲ್ಲಿ ಬಿಡಿಸುತ್ತಿದ್ದ ಬಟಾಣಿ ಸಿಪ್ಪೆಯನ್ನು ಬೆರಳಲ್ಲೇ ಹಿಡಿದು ಕೂತಿದ್ದಳು.

"ಹಾಗಾದ್ರೆ ಅಣ್ಣನೇ," ಎಂದಳು.

"ಅಲ್ಲ ಅತ್ತೆ. ಅಪ್ಪ ಅಲ್ಲ. ನಾನು."

"ಏನು ನೀನು?"

"ನಿನ್ನ ಪೆಟ್ಟಿಗೆಯಿಂದ ಲಕೋಟೆ ತೆಗೆದೋಳು ನಾನು. ಸ್ಲಿಪ್ ಅಂಟಿಸಿ ಸಂಕ್ರಾಂತಿ ಕರೆಯೋಲೆಗೆ ಹಾಕ್ಬಿಟ್ಟೆ. ಅಪ್ಪಂಗೆ ಗೊತ್ತೇ ಇರ್ಲಿಲ್ಲ."

ಅವಳು ನನ್ನ ಕಡೆ ತಿರುಗಿದಳು. ನೇರ ನೋಡಿದರೆ ಅವಳಿಗೆ ಕಾಣುವುದಿಲ್ಲ, ಓರೆಯಾಗಿ ನೋಡಬೇಕು. ಹಾಗೆ ನೋಡಿ, "ಎಷ್ಟು?" ಎಂದಳು.

"ಏನು ಎಷ್ಟು?"

"ಲಕೋಟೆ."

"ಐದೋ ಆರೋ."

"ಏಳಿತ್ತು. ಬಾಗಿಲ ಹಿಂದಿನ ಗುಡ್ಡೆಗೆ ಹಾಕಿದ್ದು ನಾನೇ."

ನನಗೆ ಬಂದ ಸಿಟ್ಟು ಎಂಥದು ಎಂದು ಹೇಳಲಾರೆ. ಐವತ್ತು ವರ್ಷ ಹೊತ್ತದ್ದನ್ನು ಕೆಳಗಿಟ್ಟರೆ, ಅದು ನಿನ್ನದಲ್ಲ ಕಣೇ ಎನ್ನುತ್ತಿದ್ದಾಳೆ.

"ಸುಳ್ಳು ಹೇಳ್ಬೇಡ. ನಾನು ತೆಗೆದದ್ದು ನನಗೆ ನೆನಪಿದೆ. ನಿನ್ನ ಹಾಸಿಗೆ ಕೆಳಗೆ ಬಗ್ಗಿದ್ದೆ."

"ನೀನು ಎಲ್ಲದಕ್ಕೂ ಬಗ್ತಿದ್ದೆ, ಅಧಿಕಪ್ರಸಂಗಿ. ನಾನು ಹಾಕಿದ್ದೆ. ಅವನಿಗೆ ನಾನು ಬೇಕಾಗಿತ್ತು, ನನಗೆ ಅವನು ಅಷ್ಟೇನೂ ಬೇಕಾಗಿರ್ಲಿಲ್ಲ. ಮದುವೆ ಆದ್ಮೇಲೆ ಅವನ ತಾಯಿ ಜೊತೆ ಅಂಬಾಲಾದಲ್ಲಿ ಇರ್ಬೇಕು ಅಂತ ಬರ್ದಿದ್ದ. ಬೇಡ ಅಂತ ಬರಿಯೋಕೆ ಕೈ ಬರ್ಲಿಲ್ಲ. ವಿಳಾಸನೇ ಇಲ್ದಿದ್ರೆ ಬರಿಯೋ ಹಾಗಿಲ್ಲವಲ್ಲ."

"ಮತ್ತೆ ಅಪ್ಪನ ಮೇಲೆ ಯಾಕೆ ಮುನಿಸು? ಇಪ್ಪತ್ತೆರಡು ವರ್ಷ, ಅತ್ತೆ! ನಾನು ಅಂಚೆಯವಳ ಥರ ನಿಮ್ಮಿಬ್ಬರ ಮಧ್ಯೆ ಓಡಾಡ್ದೆ."

"ಅದು ಬೇರೆ."

"ಬೇರೆ ಏನು?"

"ಪೆಟ್ಟಿಗೆ ಮುಟ್ಟಿದ್ಯಾ ಅಂತ ಕೇಳ್ದೆ. ನಂಗ್ಯಾಕೆ ಅಂದ. ಅದ್ರೊಳಗೆ ಏನಿತ್ತು ಅಂತ ಒಂದ್ಸಲ ಕೇಳ್ಬಾರ್ದಾಗಿತ್ತಾ?"

"ನೀನೇ ತೆಗೆದಿದ್ರೆ ಅವರನ್ನ ಯಾಕೆ ಕೇಳ್ದೆ?"

ಕೆಳಗೆ ತರಕಾರಿ ಗಾಡಿ ಬಂದಿತ್ತು. ಅತ್ತೆ ಎದ್ದು ಬಾಲ್ಕನಿಯ ಕಂಬಿ ಹಿಡಿದು, "ಭಯ್ಯಾ, ಮೇಥಿ ಕೈಸೇ ದೀ?" ಎಂದು ಮೆಂತ್ಯಸೊಪ್ಪಿನ ಬೆಲೆ ಕೂಗಿ ಕೇಳಿದಳು. ಅವನು ಹೇಳಿದ್ದಕ್ಕೆ, "ಸೋನಾ ಬೇಚ್ ರಹೇ ಹೋ ಕ್ಯಾ?" ಎಂದಳು, ಚಿನ್ನ ಮಾರುತ್ತಿದ್ದೀಯಾ ಎಂದು. ಬುಟ್ಟಿಯನ್ನು ಹಗ್ಗದಲ್ಲಿ ಇಳಿಬಿಟ್ಟಳು. ಮೇಲೆಳೆಯುವುದಕ್ಕೆ ನನ್ನನ್ನು ಕರೆದಳು. ಎಳೆದೆ. ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ.

ತಂಗಿಗೆ ಎಲ್ಲ ಹೇಳಿದೆ. ಅವಳು, "ಅಕ್ಕ, ಇದು ಪುಸ್ತಕಕ್ಕಿಂತ ಚೆನ್ನಾಗಿದೆ. ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದಳು. ಅಪ್ಪನ ಬಗ್ಗೆ ಒಂದು ಮಾತಿಲ್ಲ. ಮುಂದಿನ ಮುದ್ರಣದಲ್ಲಿ ನಶ್ಯವನ್ನಾದರೂ ತೆಗೆ ಎಂದೆ. ನೋಡೋಣ ಎಂದಳು. ಬಿಡುಗಡೆಗೆ ಅತ್ತೆ ಹೋಗಲಿಲ್ಲ, ಮಂಡಿ ನೋವು ಎಂದಳು. ನಾನೂ ಹೋಗಲಿಲ್ಲ. ಕೊನೆಯ ನೂರು ಪುಟ ಓದುವುದು ಬೇಡ ಎಂದು ಅತ್ತೆಯೇ ಹೇಳಿದಳು. "ಮೊಮ್ಮಗಳು ಬಂದು ಅಳ್ತಾಳೆ ತಾನೇ?" ಎಂದಳು. ಹೌದು ಎಂದೆ.

ಆ ಲಕೋಟೆಗಳನ್ನು ತೆಗೆದವರು ಯಾರು ಎಂಬುದು ನನಗೆ ಈಗ ಗೊತ್ತಿಲ್ಲ. ಅತ್ತೆಗೆ ಪುಸ್ತಕ ಓದಿ ಹೇಳುವ ಮೊದಲು ಗೊತ್ತಿತ್ತು. ಅತ್ತೆ ಹೇಳಿದ್ದು ನಿಜವೋ, ಅರವತ್ತು ದಾಟಿದ ಅಣ್ಣನ ಮಗಳು ಎದುರಿಗೆ ಅಳುತ್ತಾಳೆಂದು ಆ ಕ್ಷಣಕ್ಕೆ ಹೊಸೆದದ್ದೋ ಗೊತ್ತಿಲ್ಲ. ಅಂಬಾಲಾದ ತಾಯಿಯ ಮಾತು ಯಾವ ಕಾಗದದಲ್ಲಿತ್ತೋ ನೋಡೋಣವೆಂದರೆ ಆ ಕಾಗದಗಳೂ ಈಗ ಉಳಿದಿಲ್ಲ. ಕಂಬಳಿ ಎಣಿಸುವವನು ಆ ಯುದ್ಧದಿಂದ ಬಂದನೋ ಇಲ್ಲವೋ, ನಮ್ಮಲ್ಲಿ ಯಾರೂ ವಿಚಾರಿಸಲಿಲ್ಲ. ಅಪ್ಪನಿಗೆ ತನ್ನ ತಂಗಿ ಯಾಕೆ ಮಾತು ಬಿಟ್ಟಳೆಂಬುದು ಸಾಯುವ ಹೊತ್ತಿಗಾದರೂ ತಿಳಿದಿತ್ತೋ ಇಲ್ಲವೋ, ಅದು ನನಗೆ ಗೊತ್ತಿಲ್ಲ. ಅವರಿಗೆ ಹೇಳಬಹುದಾಗಿದ್ದವಳು ನಾನೊಬ್ಬಳೇ ಇದ್ದೆ. ನಾನು ಹೇಳಲಿಲ್ಲ.