ಉಗುರು ಸಿಕ್ಕಿಕೊಂಡ ಜಾಗ

ಅವರ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದವನ್ನೆಲ್ಲ ಬುಡಕ್ಕೆ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಇದೊಂದನ್ನು ಗ್ರೀಸಿನ ಕಪ್ಪು ಗೆರೆಯ ಸಮೇತ ಜೋಪಾನ ಮಾಡಿದ್ದರು. ಮೊದಲ ಸಲ ನೋಡಿದಾಗ ನನಗೆ ಹೇಸಿಗೆಯಾಗಿತ್ತು. ಸದ್ಯ, ಊಟದ ಕೈಯಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಗೊಟ್ಟಿಗೆರೆಯಲ್ಲಿ ಅವರ ಗ್ಯಾರೇಜು. ನಾವು ಕರೆಯುತ್ತಿದ್ದದ್ದು ಗ್ಯಾರೇಜ್ ಅಂಕಲ್ ಎಂದು. ನನಗೆ ಅವರ ಪರಿಚಯವಾದದ್ದು ತಮ್ಮನಿಂದ. ಅಪ್ಪ ಅಮ್ಮ ಹೋದ ಮೇಲೆ ಬನಶಂಕರಿಯ ಮನೆಯಲ್ಲಿ ಉಳಿದವರು ನಾನೂ ಅವನೂ ಇಬ್ಬರೇ. ಟೈಲ್ಸ್ ಅಂಗಡಿ ನೋಡಿಕೊಂಡು ನೆಟ್ಟಗಿದ್ದ ಹುಡುಗ ಒಂದು ದಿನ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ತಂದು ನಿಲ್ಲಿಸಿದ. ರೇಸ್ ಟ್ರ್ಯಾಕಿನಲ್ಲಿ ಓಡಿಸುವುದಕ್ಕೆಂದೇ ಮಾಡಿದ್ದಂತೆ. ನಮ್ಮ ಬೀದಿಯ ಹಂಪು ದಾಟುವಾಗ ಅದು ನರಳುತ್ತಿತ್ತು. ಅವನು ಟ್ರ್ಯಾಕಿಗೆ ಹೊರಟ ದಿನ ನಾನು ನರಳುತ್ತಿದ್ದೆ.

“ಸಖತ್ ಕಮ್ಮಿಗೆ ಸಿಕ್ತು ಅಕ್ಕಾ” ಎಂದಿದ್ದ. ಕಮ್ಮಿಗೆ ಯಾಕೆ ಸಿಕ್ಕಿತೆಂದು ಆಮೇಲೆ ಗೊತ್ತಾಯಿತು. ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆದರೆ ಬ್ರೇಕ್ ಆಯಿಲ್ ಕುದಿಯುತ್ತಿತ್ತು. ಕ್ಲಚ್ ಸುಟ್ಟ ವಾಸನೆ ಮನೆಯವರೆಗೂ ಬರುತ್ತಿತ್ತು. ಟೈರುಗಳು ಪೆನ್ಸಿಲ್ ಅಳಿಸುವ ರಬ್ಬರಿನಂತೆ ಸವೆಯುತ್ತಿದ್ದವು. ಮುಂದಿನ ಬ್ರೇಕ್ ಡಿಸ್ಕ್ ಜೋಡಿಯ ಬೆಲೆಗೆ ಹಳೆಯ ಸಣ್ಣ ಕಾರೊಂದು ಬರುತ್ತಿತ್ತು, ಅದೂ ಹೊರದೇಶದಿಂದ ಬರುವವರೆಗೆ ಕಾಯಬೇಕು.

ಅಂಕಲ್‌ಗೆ ಒಂದು ಪದ್ಧತಿಯಿತ್ತು. ಬ್ರೇಕ್ ಕೆಲಸವಾದ ಕಾರಿನ ಕೀಯನ್ನು ಓಡಿಸುವವರ ಕೈಗೆ ಕೊಡುತ್ತಿರಲಿಲ್ಲ. ಮನೆಯಲ್ಲಿ ಕಾಯುತ್ತಾ ಕೂರುವವರು ಯಾರೋ ಅವರೇ ಬಂದು ತೆಗೆದುಕೊಂಡು ಹೋಗಬೇಕು.

“ಇದೇನ್ ಅಂಕಲ್, ನಾನೇನ್ ಸ್ಕೂಲ್ ಹುಡ್ಗನಾ?” ಎಂದು ತಮ್ಮ ಮುಖ ಊದಿಸಿಕೊಂಡಿದ್ದ.

“ನಿಮಗೆ ಭಯ ಇಲ್ಲ ಸಾರ್. ಇರೋರ್ ಕೈಗೆ ಕೊಡ್ತೀನಿ,” ಎಂದು ಕೀಯನ್ನು ನನ್ನ ಅಂಗೈಯಲ್ಲಿಟ್ಟರು. “ನೋಡಿಮ್ಮಾ, ಏನ್ ಮಾಡಿದೀನಿ, ಏನ್ ಉಳ್ದಿದೆ ಎಲ್ಲಾ ಹೇಳ್ತೀನಿ. ಕೇಳ್ಸ್ಕೊಳ್ಳಿ. ಆಮೇಲೆ ಕೀ ಕೊಡೋದು ಬಿಡೋದು ನಿಮ್ಮಿಷ್ಟ.”

ಅಂಥ ಕಾರುಗಳನ್ನು ಬಿಚ್ಚಿ ಜೋಡಿಸುವ ಅಂಕಲ್ ಸ್ವತಃ ಮಹಾ ಪುಕ್ಕಲರು. ಲಿಫ್ಟ್ ಹತ್ತುತ್ತಿರಲಿಲ್ಲ. ಅವರ ಸ್ಕೂಟರನ್ನು ಸೈಕಲ್ಲಿನವರು ಹಿಂದೆ ಹಾಕುತ್ತಿದ್ದರು. ಬನ್ನೇರುಘಟ್ಟ ರಸ್ತೆ ದಾಟುವಾಗ ಪಕ್ಕದಲ್ಲಿ ಯಾರಿದ್ದರೂ ತೋಳು ಹಿಡಿದುಕೊಳ್ಳುತ್ತಿದ್ದರು. ನಾನು ಒಮ್ಮೆ ಇದಕ್ಕೆ ನಕ್ಕಾಗ ಅವರು ನಗಲಿಲ್ಲ.

“ಒಬ್ಬ ಹುಡುಗನ ಕೈಗೇ ಕೀ ಕೊಟ್ಟು ಕಳಿಸ್ದೆ. ಇನ್ನೊಂದ್ ದಿನ ಓಡ್ಸ್ತೀನಿ, ಆಮೇಲೆ ಡಿಸ್ಕ್ ಹಾಕಿ ಅಂದಿದ್ದ. ಟ್ರ್ಯಾಕಲ್ಲಿ ಡಿಸ್ಕ್ ಒಡ್ದೋಯ್ತು. ಕಾರ್ಯ ಎಲ್ಲ ಮುಗುದ್ಮೇಲೆ ಅವರಮ್ಮ ಇಲ್ಲಿಗೆ ಬಂದ್ರು. ನಂಗೊಂದ್ ಮಾತ್ ಹೇಳಿದ್ರೆ ಕೀ ಬಚ್ಚಿಡ್ತಿದ್ನಲ್ಲಪ್ಪಾ ಅಂದ್ರು. ಅಷ್ಟೇ ಅಂದ್ರು.”

ಆ ಉಗುರನ್ನು ಬೆಳೆಸಿದ್ದು ಆಮೇಲೆ. ಬ್ರೇಕ್ ಒತ್ತಿ ಹಿಡಿಯುವುದು ಚಕ್ರದೊಳಗಿನ ಡಿಸ್ಕ್ ಎಂಬ ತಟ್ಟೆಯನ್ನು; ಬಿಸಿ ಹೋಗಲೆಂದು ಅದರಲ್ಲಿ ಸಣ್ಣ ತೂತುಗಳಿರುತ್ತವೆ. ಕಾದು ಕಾದು ತೂತಿನ ಪಕ್ಕದಲ್ಲಿ ಬಿರುಕು ಹುಟ್ಟುತ್ತದೆ. ಅಂಕಲ್ ಕಣ್ಣು ಮುಚ್ಚಿ ಅದರ ಮೇಲೆ ಉಗುರು ಎಳೆಯುತ್ತಿದ್ದರು. “ಬರೀ ಗೆರೆ ಕಂಡ್ರೆ ಪರವಾಗಿಲ್ಲ. ಉಗುರ್ ಸಿಕ್ಕಾಕೊಳ್ತಾ, ಆ ಡಿಸ್ಕ್ ಮುಗೀತು.”

ಹೋದ ವರ್ಷ ತಮ್ಮನ ಕಾರಿನ ಎಡಗಡೆ ಮುಂದಿನ ಚಕ್ರದ ಡಿಸ್ಕಿನಲ್ಲಿ ಗೆರೆ ಕಂಡಿತು. ಉಗುರು ಸಿಕ್ಕಲಿಲ್ಲ. ಒಂದು ಸಲ ಟ್ರ್ಯಾಕಿಗೆ ಹೋಗಿ ಬಂದು ತೋರಿಸಬೇಕೆಂದು ನನಗೆ ಹೇಳಿ ಕೀ ಕೊಟ್ಟರು. ತಮ್ಮ ಹೋಗಿ ಬಂದ. ತೋರಿಸುವಷ್ಟರಲ್ಲಿ ಅಂಕಲ್‌ಗೆ ಎದೆನೋವು ಬಂದು ಜಯನಗರದ ಆಸ್ಪತ್ರೆ ಸೇರಿದರು, ಗ್ಯಾರೇಜಿಗೆ ಬೀಗ ಬಿತ್ತು. ಇವನು ಮತ್ತೆ ಭಾನುವಾರಕ್ಕೆ ಟ್ರ್ಯಾಕ್ ಬುಕ್ ಮಾಡಿಕೊಂಡು ಕುಳಿತ.

“ಬ್ರೇಕ್ ಸೂಪರಾಗಿದೆ ಅಕ್ಕಾ. ಕೀ ಕೊಡು.”

ನಾನು ಕೀ ಎತ್ತಿಕೊಂಡು ಆಸ್ಪತ್ರೆಗೆ ಹೋದೆ. ನನ್ನನ್ನು ಕಂಡದ್ದೇ ಅಂಕಲ್ ಎಡಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ಆಮೇಲೆ ತಾವಾಗಿಯೇ ಹೊರಗೆ ತೆಗೆದು ತೋರಿಸಿದರು. “ಉಗುರ್ ಕತ್ತರಿಸ್ಬಿಟ್ರಮ್ಮಾ. ಕ್ಲೀನ್ ಮಾಡ್ತೀವಿ ಅಂತ.” ಕಣ್ಣಲ್ಲಿ ನೀರಿತ್ತು. ಭಾನುವಾರದ ವಿಷಯ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

“ನಿನ್ ಉಗುರಿಲ್ವಾ?” ಎಂದರು. ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. “ಕಾರ್ ತಣ್ಣಗಿರ್ಬೇಕು. ಚಕ್ರದ ಸಂದೀಲಿ ಕೈ ಹಾಕು. ಕಣ್ ಮುಚ್ಕೊ, ನಿಧಾನಕ್ಕೆ ಎಳಿ.”

“ನಂಗೇನ್ ಗೊತ್ತಾಗುತ್ತೆ ಅಂಕಲ್? ಭಯ ಆಗುತ್ತೆ.”

“ಅದಕ್ಕೇ ನಿಂಗೆ ಹೇಳ್ತಿರೋದು.”

ಮನೆಗೆ ಬಂದು ಕಾರಿನ ಎಡಗಡೆ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ತಮ್ಮ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದ. ನನ್ನದು ಪಾತ್ರೆ ತಿಕ್ಕಿ ತಿಕ್ಕಿ ಸವೆದ ಉಗುರು. ಕಣ್ಣು ಮುಚ್ಚಿ ಎಳೆದೆ. ಜಾರಿತು. ಇನ್ನೊಂದಿಷ್ಟು ಜಾರಿತು. ಆಮೇಲೆ ಟಕ್ಕೆಂದು ನಿಂತಿತು. ತೂತಿಗೇ ಸಿಕ್ಕಿರಬೇಕೆಂದು ಬೆರಳ ತುದಿಯಿಂದ ಸವರಿದೆ. ಅಲ್ಲಿ ತೂತಿರಲಿಲ್ಲ. ಮತ್ತೆ ಎಳೆದೆ, ಮತ್ತೆ ಅಲ್ಲೇ ನಿಂತಿತು. ಕೈ ಹೊರಗೆ ತೆಗೆದು ಎದ್ದು ನಿಂತೆ.

“ಕೀ ಕೊಡಲ್ಲ ಕಣೋ.”

“ಒಂದೇ ದಿನ ಅಕ್ಕಾ. ತಡ್ಕೊಳ್ಳುತ್ತೆ!”

ಅಂಕಲ್ ಹೇಳಿದ ಆ ಹುಡುಗನೂ ಇದನ್ನೇ ಅಂದಿದ್ದನಲ್ಲ ಎಂದು ನೆನಪಾಯಿತು. ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಬಂದೆ. ಅವನು ಬಾಗಿಲು ಬಡಿದು, ಊಟ ಬಿಟ್ಟು, ಭಾನುವಾರವಿಡೀ ಟಿವಿಯನ್ನು ಕಿವಿ ಒಡೆಯುವಂತೆ ಇಟ್ಟುಕೊಂಡು ಬಿದ್ದಿದ್ದ. ಬಿದ್ದಿರಲಿ, ಮನೆಯಲ್ಲಿದ್ದಾನಲ್ಲ ಎಂದುಕೊಂಡೆ.

ಅಂಕಲ್‌ಗೆ ಫೋನ್ ಮಾಡಿ “ಸಿಕ್ಕಾಕೊಳ್ತು” ಎಂದೆ.

“ಕೀ?”

“ನನ್ನತ್ರಾನೇ ಇದೆ.”

“ಇರ್ಲಿ” ಎಂದರು. ಅವರಿಂದ ನಾನು ಕೇಳಿದ ಕೊನೆಯ ಮಾತು ಅದು. ಅದೇ ವಾರ ತೀರಿಕೊಂಡರು.

ಹೊಸ ಡಿಸ್ಕ್ ಬಂದಾಗ ಜೆ.ಪಿ. ನಗರದ ಬೇರೊಬ್ಬ ಮೆಕ್ಯಾನಿಕ್ ಬಂದು ಹಳೆಯದನ್ನು ಬಿಚ್ಚಿದ. ನನಗೆ ಸಿಕ್ಕಿದ್ದು ಬಿರುಕಿನ ಒಂದು ತುದಿ ಮಾತ್ರ. ಕೈ ತಲುಪದ ಕಡೆ ಅದು ಅಂಚಿನವರೆಗೂ ಸೀಳಿಕೊಂಡು ಹೋಗಿತ್ತು. ತಮ್ಮ ಅದನ್ನು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ.

ಈಗ ನನ್ನ ಎಡಗೈ ಹೆಬ್ಬೆರಳಿನ ಉಗುರು ಉದ್ದವಾಗಿದೆ. ಆಫೀಸಿನಲ್ಲಿ ಗೇಲಿ ಮಾಡುತ್ತಾರೆ, ಮಾಡಲಿ. ನನ್ನ ತಮ್ಮನ ಜೀವ ಆ ಪುಕ್ಕಲ ಮನುಷ್ಯ ಉಳಿಸಿ ಕೊಟ್ಟದ್ದು. ಉಗುರು ನುಣ್ಣಗೆ ಜಾರಿದ ದಿನವೂ ನನ್ನ ಎದೆ ಹೊಡೆದುಕೊಳ್ಳುವುದು ನಿಲ್ಲುವುದಿಲ್ಲ. ಟ್ರ್ಯಾಕಿಗೆ ಹೊರಡುವ ಮುಂಚೆ ತಮ್ಮನೇ ಚಕ್ರದ ಪಕ್ಕ ಹಳೆಯ ಪೇಪರ್ ಹಾಸಿ “ನೋಡಕ್ಕಾ” ಎನ್ನುತ್ತಾನೆ. ನಾನು ಕಣ್ಣು ಮುಚ್ಚುತ್ತೇನೆ. ನಾನು ಕಣ್ಣು ತೆರೆಯುವವರೆಗೂ ಅವನು ಕೀಗೆ ಕೈ ಚಾಚುವುದಿಲ್ಲ.