ಒಳಗೆ ಮಡಿಸಿಟ್ಟ ಬಟ್ಟೆ

ಹರ್ಮಿನೆ ಯೆಸೆನ್ ಹೊಲಿದ ಮಕ್ಕಳ ಬಟ್ಟೆ ಯಾವತ್ತೂ ಆ ವರ್ಷದ್ದಾಗಿರುತ್ತಿರಲಿಲ್ಲ. ಮುಂದಿನ ವರ್ಷದ್ದೋ ಅದರಾಚೆಯದ್ದೋ ಆಗಿರುತ್ತಿತ್ತು. ಲಂಗದ ಅಂಚಿನಲ್ಲಿ ಗೇಣುದ್ದ ಬಟ್ಟೆ ಒಳಗೆ ಮಡಿಸಿ, ತೋಳಿನಲ್ಲಿ ನಾಲ್ಕು ಬೆರಳು ಉಳಿಸಿ ಹೊಲಿಯುವುದು ಉತ್ತರ ಜರ್ಮನಿಯ ಎಕರ್ನ್‌ಫೋರ್ಡೆ ಊರಿನ ಹಳೆಯ ಪದ್ಧತಿ. ಮಗು ಬೆಳೆದಂತೆ ಹೊಲಿಗೆ ಬಿಚ್ಚಿ ಇಳಿಸಬೇಕು. ಬಿಚ್ಚಿದ ಕಡೆ ಬಣ್ಣ ಮಾಸದ ಪಟ್ಟೆಯೊಂದು ಉಳಿಯುತ್ತಿತ್ತು, ಅದಕ್ಕೆ ಯಾರೂ ನಾಚುತ್ತಿರಲಿಲ್ಲ. ಸರಿಯಾದ ಅಳತೆಗೆ ಹೊಲಿಸಿಕೊಂಡವರನ್ನು ಕಂಡರೆ ಹರ್ಮಿನೆ, "ನಾಳೆ ಅನ್ನೋದೇ ಇಲ್ಲ ಇವ್ರಿಗೆ" ಎಂದು ಮೂಗು ಮುರಿಯುತ್ತಿದ್ದಳು.

ಅವಳ ಬಾಲ್ಯದಲ್ಲಿ ಉಚ್ಚೆ ಬಂತೆಂದು ಹೇಳಲು ಕಲಿಯುವವರೆಗೆ ಗಂಡುಮಕ್ಕಳಿಗೂ ಲಂಗವೇ. ಆಮೇಲೆ ಭಾನುವಾರಕ್ಕೆ ನಾವಿಕರ ಅಂಗಿ. ಚಕ್ರವರ್ತಿ ಕೈಸರ್ ದೇಶ ಬಿಟ್ಟು ಓಡಿಹೋದರೂ ಅವನ ನೌಕಾಪಡೆಯ ಕಾಲರ್ ಮಾತ್ರ ಮಕ್ಕಳ ಕೊರಳು ಬಿಟ್ಟಿರಲಿಲ್ಲ. ಚಡ್ಡಿಯ ಕೆಳಗೆ ತೊಡೆಯವರೆಗೆ ಚುಚ್ಚುವ ಉಣ್ಣೆಯ ಕಾಲುಚೀಲ. ಆಮೇಲೆ ಊರಿನ ಹುಡುಗರೆಲ್ಲ ಹಿಟ್ಲರನ ಪಡೆಯ ಕಂದು ಅಂಗಿ ತೊಟ್ಟ ವರ್ಷಗಳು ಬಂದವು. ಅವನ್ನೂ ಹರ್ಮಿನೆಯೇ ಹೊಲಿದಳು. ಯುದ್ಧ ಸೋತ ಮೇಲೆ ಅವೇ ಅಂಗಿಗಳನ್ನು ನೀಲಿ ಬಣ್ಣದಲ್ಲಿ ಅದ್ದಿ ಕೊಟ್ಟಳು. ಕೆಂಪು ಬಾವುಟಗಳು ಹುಡುಗಿಯರ ಲಂಗಗಳಾದವು. ನಡುವೆ ಸ್ವಸ್ತಿಕ ಕಿತ್ತ ಜಾಗದ ದುಂಡು ಕಲೆ ಎಷ್ಟು ಒಗೆದರೂ ಹೋಗಲಿಲ್ಲ. ಅದನ್ನು ನೋಡಿಯೂ ನೋಡದಂತಿರುವುದನ್ನು ಊರು ಬೇಗ ಕಲಿಯಿತು.

ಹೊಸ ಬಟ್ಟೆ ಎಲ್ಲಿಯೂ ಸಿಗದ ಆ ದಿನಗಳಲ್ಲಿ ಹೆಂಗಸರು ತಿರುಗಿ ಬಾರದ ಗಂಡಂದಿರ ಕೋಟುಗಳನ್ನು ತಂದು ಅವಳ ಮೇಜಿನ ಮೇಲೆ ಹಾಕುತ್ತಿದ್ದರು. ಹರ್ಮಿನೆ ಅವನ್ನು ಕತ್ತರಿಸಿ ಮಕ್ಕಳಿಗೆ ಹೊಲಿಯುತ್ತಿದ್ದಳು. ಆದರೆ ಅವಳ ಗಂಡ ಹಿನ್ರಿಷ್‌ನ ಕಪ್ಪು ಸೂಟು ಬೀರುವಿನಲ್ಲೇ ತೂಗುತ್ತಿತ್ತು. ಪೂರ್ವದಲ್ಲಿ ರಷ್ಯಾದ ರಣರಂಗದಲ್ಲಿ ಕಾಣೆಯಾದವನು ಅವನು. ಸತ್ತನೆಂದು ಯಾರೂ ಹೇಳಿರಲಿಲ್ಲ. ಬಂದರೆ ತೊಡಲು ಮೈಗೊಂದು ಬಟ್ಟೆ ಬೇಡವೇ? ದೀಪದ ಬುಡದಲ್ಲೇ ಕತ್ತಲೆ ಎಂಬಂತೆ, ದರ್ಜಿಯ ಮಗ ಫೋಲ್ಕರ್ ಮಾತ್ರ ಸೇನೆಯ ಕಂಬಳಿಯಲ್ಲಿ ಹೊಲಿದ ಚಡ್ಡಿಯಲ್ಲೇ ಬೆಳೆದ.

ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಫೋಲ್ಕರ್‌ನಿಗೆ ಹದಿನಾಲ್ಕು. ಈಸ್ಟರ್‌ಗೆ ಮುಂಚಿನ ಭಾನುವಾರ ಚರ್ಚಿನಲ್ಲಿ ದೊಡ್ಡವರ ಸಾಲಿಗೆ ಸೇರುವ ಅವನ ದೀಕ್ಷೆ. ಹುಡುಗನೊಬ್ಬ ಮೊಟ್ಟಮೊದಲು ಉದ್ದ ಪ್ಯಾಂಟು ತೊಡುವುದು ಆ ದಿನವೇ.

ಪಕ್ಕದ ಮನೆಯ ಆಲ್ಮಾ ನೇರವಾಗಿಯೇ ಕೇಳಿದಳು. "ಏನೇ ಹರ್ಮಿನೆ, ಹುಡುಗನ್ನ ಚಡ್ಡೀಲೇ ದೇವ್ರ ಮುಂದೆ ನಿಲ್ಲಿಸ್ತೀಯಾ?"

"ಬಟ್ಟೆ ತರಬೇಕು."

"ಬೀರು ತುಂಬ ಬಟ್ಟೆ ಇಟ್ಕೊಂಡು! ನನ್ ಗಂಡನ ಕೋಟು ಕತ್ತರಿಸೋವಾಗ ನಿನ್ ಕೈ ನಡುಗ್ಲಿಲ್ಲವಲ್ಲ ಮಾರಾಯ್ತಿ."

"ನಿನ್ ಗಂಡ ಸತ್ತಿದ್ದ ಅಂತ ಕಾಗದ ಬಂದಿತ್ತು, ಆಲ್ಮಾ."

ಆಲ್ಮಾ ಎದ್ದು ಹೋದಳು. ಹರ್ಮಿನೆಗೆ ನಾಲಿಗೆ ಕಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಅದೇ ಸಂಜೆ ಸೂಟನ್ನು ಹೊರತೆಗೆದಳು.

ಆದರೆ ಕತ್ತರಿ ಮುಟ್ಟಲಿಲ್ಲ. ಕಾಲಿನಲ್ಲಿ, ತೋಳಿನಲ್ಲಿ, ಸೊಂಟದಲ್ಲಿ, ಬೆನ್ನಿನಲ್ಲಿ ಹೆಚ್ಚಾದುದನ್ನೆಲ್ಲ ಒಳಗೆ ಮಡಿಸಿ ಹೊಲಿದಳು. ನೂಲು ಬಿಚ್ಚಿದರೆ ಸೂಟು ಮೊದಲಿನಂತೆ ಹಿನ್ರಿಷ್‌ನದೇ ಆಗಬೇಕು, ಹಾಗೆ.

ಫೋಲ್ಕರ್ ತೊಟ್ಟು ನೋಡಿ ಮುಖ ಗಂಟು ಹಾಕಿದ. "ಅಮ್ಮಾ, ಒಳಗೆ ಇನ್ನೊಬ್ಬ ಇದ್ದ ಹಾಗಿದೆ. ಮೊಣಕಾಲೇ ಮಡಚಕ್ಕಾಗ್ತಿಲ್ಲ."

"ಬೆಳೀತೀಯ, ಸರಿಹೋಗತ್ತೆ."

"ಬೇರೆಯವ್ರದ್ದೆಲ್ಲ ಅಂಗಡೀದು. ಇದನ್ನ ಯಾಕೆ ಕತ್ತರಿಸಲಿಲ್ಲ?"

"ನಿಮ್ಮಪ್ಪ ಬಂದ್ರೆ ಏನ್ ಹಾಕ್ಕೋತಾನೆ?"

ಚರ್ಚಿನಲ್ಲಿ ಹುಡುಗ ಮಂಡಿಯೂರುವಾಗ ಬೆಂಚು ಹಿಡಿದುಕೊಂಡೇ ಇಳಿದ, ಏಳುವಾಗ ಪಾದ್ರಿಯೇ ಕೈಕೊಟ್ಟು ಎಬ್ಬಿಸಬೇಕಾಯಿತು. ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ಆದರೂ ಹರ್ಮಿನೆ ಮನೆಗೆ ಬಂದು ಸೂಟಿಗೆ ಬ್ರಷ್ ಹಾಕಿ, ನುಸಿಗುಳಿಗೆಯಿಟ್ಟು, ಅದರ ಜಾಗದಲ್ಲೇ ತೂಗುಹಾಕಿದಳು.

ಮರುವರ್ಷದ ಚಳಿಗಾಲದಲ್ಲಿ ರಷ್ಯಾದಿಂದ ಕೊನೆಯ ಯುದ್ಧಕೈದಿಗಳು ಬಂದರು. ಹಿನ್ರಿಷ್ ಅವರಲ್ಲಿ ಇರಲಿಲ್ಲ. ಫೋಲ್ಕರ್ ಬೆಳೆಯುತ್ತಿದ್ದ. ಪ್ರತಿ ಚಳಿಗಾಲವೂ ಹರ್ಮಿನೆ ಸೂಟಿನ ಕಾಲಿನದೊಂದು ಮಡಿಕೆ, ತೋಳಿನದೊಂದು ಮಡಿಕೆ ಬಿಚ್ಚಿ ಕೊಟ್ಟಳು. ಅಷ್ಟರಲ್ಲಿ ಊರಿನ ಹುಡುಗರು ಸ್ಕೂಲಿಗೂ ಅಮೆರಿಕದ ನೀಲಿ ಪ್ಯಾಂಟು ತೊಡತೊಡಗಿದ್ದರು. ಚಿಕ್ಕವರ ಉಣ್ಣೆಯ ಕಾಲುಚೀಲದ ಜಾಗಕ್ಕೆ ಸೊಂಟದವರೆಗಿನ ಮೆತ್ತನೆಯ ನೈಲಾನು ಬಂದಿತ್ತು. ಅಂಚು ಇಳಿಸಿಕೊಡು ಎಂದು ಬರುವವರು ಕಡಿಮೆಯಾಗಿದ್ದರು. ಗಿಡ್ಡವಾಯಿತೇ, ಹೊಸದು ತೆಗೆದುಕೊಳ್ಳುತ್ತಿದ್ದರು.

ಹದಿನೆಂಟರ ಫೋಲ್ಕರ್ ಒಂದು ಮದುವೆಗೆ ಹೊರಟು ಕನ್ನಡಿಯ ಮುಂದೆ ನಿಂತ. ಹರ್ಮಿನೆ ನೆಲಕ್ಕೆ ಕೂತು ಕೊನೆಯ ಮಡಿಕೆ ಬಿಚ್ಚಿದ್ದಳು. ತಲೆಯೆತ್ತಿದಾಗ ಎದುರಿಗೆ ನಿಂತಿದ್ದವನು ಮದುವೆಯ ದಿನದ ಹಿನ್ರಿಷ್‌ನೇ. ಆದರೆ ಪ್ಯಾಂಟು ಬೂಟಿನಿಂದ ಎರಡು ಬೆರಳು ಮೇಲಿತ್ತು.

"ಇನ್ನೊಂಚೂರು ಬಿಡಮ್ಮಾ."

"ಬಿಡಕ್ಕೆ ಏನಿಲ್ಲ ಕಣೋ," ಎಂದಳು. "ಮುಗೀತು."

ಫೋಲ್ಕರ್ ಅಲ್ಲೇ ಅವಳ ಪಕ್ಕ ನೆಲಕ್ಕೆ ಕೂತ. ಈ ಸಲ ಮೊಣಕಾಲು ಸಲೀಸಾಗಿ ಮಡಚಿತು. ಅವಳು ಅತ್ತಳು, ಇಷ್ಟು ವರ್ಷ ಅಳದಿದ್ದುದನ್ನೆಲ್ಲ ಅತ್ತಳು. ಆಮೇಲೆ ಎದ್ದು ಮುಖ ತೊಳೆದು, "ಹೋಗು, ಹೊತ್ತಾಯ್ತು. ಗಿಡ್ಡ ಕಂಡ್ರೆ ಕಾಣ್ಲಿ," ಎಂದಳು. ಸೂಟು ಮತ್ತೆ ಬೀರು ಸೇರಿತು.

ಅರವತ್ತೈದರಲ್ಲಿ ಫೋಲ್ಕರ್‌ನ ಮಗಳು ಸಿಲ್ಕೆಗೆ ಮೂರು ವರ್ಷ. ಬಾಲವಾಡಿಯ ಮಕ್ಕಳೆಲ್ಲ ಕಿತ್ತಳೆ, ಹಳದಿ ಬಣ್ಣದಲ್ಲಿ ಮಿಂಚುತ್ತಿದ್ದರು. ಮಗುವಿಗೊಂದು ತೋಳಿಲ್ಲದ ಫ್ರಾಕು ಬೇಕೆಂದು ಸೊಸೆ ಗುಡ್ರುನ್ ಕೇಳಿದಳು. ಹರ್ಮಿನೆ ಸೂಟು ತಂದು ಮೇಜಿನ ಮೇಲೆ ಹರಡಿದಳು. ಕತ್ತರಿ ತೆಗೆದುಕೊಂಡಳು. ಬೆನ್ನಿನ ನಡುವಿನಿಂದಲೇ ಶುರುಮಾಡಿದಳು, ಕೈ ನಡುಗಲಿಲ್ಲ. ಕಪ್ಪು ಫ್ರಾಕಿಗೆ ಎರಡು ದೊಡ್ಡ ಕಿತ್ತಳೆ ಜೇಬು ಇಟ್ಟಳು.

ಗುಡ್ರುನ್ ಅಂಚು ತಿರುಗಿಸಿ ನೋಡಿ ಬೆರಗಾದಳು. "ಅತ್ತೇ, ಒಳಗೆ ಬಟ್ಟೆ ಬಿಟ್ಟೇ ಇಲ್ಲ! ನೀವೇನಾ ಹೊಲಿದದ್ದು? ಬರೋ ವರ್ಷಕ್ಕೆ ಇದು ಗಿಡ್ಡ ಆಗತ್ತೆ."

"ಆಗ್ಲಿ," ಎಂದಳು ಹರ್ಮಿನೆ, ಮಗುವಿನ ಗುಂಡಿ ಹಾಕುತ್ತಾ. "ಈ ವರ್ಷ ಸರಿಯಾಗಿದ್ಯಲ್ಲ."