ಚಿಗವ್ವನ ಹೊಟ್ಟೆಯೊಳಗಿನ ಸೊಸೆ

ಮೊನ್ನೆ ಮೊಮ್ಮಗಳು ಬಿದ್ದು ಮೊಣಕಾಲು ತರಚಿಕೊಂಡು ಬಂದಳು. ಸ್ಪಿರಿಟ್ಟಿನಿಂದ ಒರೆಸಿದೆ, ಹಳೇ ಚಾಳಿ, ಮೇಲೊಂದಿಷ್ಟು ಅರಿಷಿಣವನ್ನೂ ಒತ್ತಿದೆ. ಎರಡೂ ಕೂಡಿ ಎದ್ದ ವಾಸನೆಗೆ ಕೈ ಅಲ್ಲೇ ನಿಂತಿತು. ಬಾಜೂ ಮನೆಯ ಚಿಗವ್ವನ ಹತ್ತಿರ ಕೂತರೆ ಇದೇ ವಾಸನೆ ಬರುತ್ತಿತ್ತು...

ನಾನು ಕುಷ್ಟಗಿಯಿಂದ ಲಗ್ನವಾಗಿ ಕೊಪ್ಪಳಕ್ಕೆ ಬಂದದ್ದು ಎಂಬತ್ತರ ದಶಕದ ನಡುವೆ. ಓಣಿಯಲ್ಲಿ ನನ್ನನ್ನು ಮೊದಲು ಮಾತಾಡಿಸಿದವಳು ಆಕೆ. ಮೊದಲು ಬೊಗಳಿದ್ದು ಆಕೆಯ ನಾಯಿ. ರಕ್ತಸಂಬಂಧವೇನೂ ಇರಲಿಲ್ಲ, ಚಿಗವ್ವ ಅಂತ ನಾನೇ ಕರೆದುಕೊಂಡೆ. ನಾನು ಬರುವ ಹೊತ್ತಿಗಾಗಲೇ ಆಕೆಯ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಗಂಡನದು ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿ, ಅನುಕೂಲಸ್ಥರು. ಮದ್ರಾಸಿನ ಆಸ್ಪತ್ರೆಗೆ ಒಯ್ದರು. ಕುಕನೂರಿಗೆ ಕೊಟ್ಟಿದ್ದ ಅಕ್ಕ ತನ್ನದೊಂದನ್ನು ತೆಗೆಸಿ ತಂಗಿಗೆ ಕೊಟ್ಟಳು. ಆ ಅಕ್ಕನನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ.

ಹೊಸ ಮೂತ್ರಪಿಂಡವನ್ನು ಬೆನ್ನಿನ ಕಡೆಗಲ್ಲ, ಕಿಬ್ಬೊಟ್ಟೆಯ ಬಲಕ್ಕೆ, ತೊಗಲಿನ ಕೆಳಗೇ ಕೂಡಿಸಿದ್ದರು. ಒಂದು ಶುಕ್ರವಾರ ಚಿಗವ್ವ ನನ್ನ ಕೈ ಹಿಡಿದು ಅಲ್ಲಿಟ್ಟಳು. ಅಂಗೈಯಡಿ ಮುಷ್ಟಿಯಷ್ಟು ದಪ್ಪಗೆ, ಬೆಚ್ಚಗೆ ಏನೋ ಇತ್ತು... ಬೆದರಿ ಕೈ ಎಳೆದುಕೊಂಡೆ.

"ಅಂಜಬ್ಯಾಡವ್ವ. ನಮ್ಮ ಹೊಸಾ ಸೊಸಿ," ಎಂದು ನಕ್ಕಳು.

ಗಾಯ ಮಾಗಿ ಎಷ್ಟೋ ದಿನವಾದರೂ ಹೊಲಿಗೆಯ ಗುರುತನ್ನು ಸ್ಪಿರಿಟ್ಟಿನಿಂದ ಒರೆಸಿ, ಶುಕ್ರವಾರಕ್ಕೊಮ್ಮೆ ಅರಿಷಿಣ ಕುಂಕುಮ ಹಚ್ಚುತ್ತಿದ್ದಳು. ಮಧ್ಯಾಹ್ನ ಒಬ್ಬಳೇ ಇದ್ದಾಗ ಅದರ ಜೊತೆ ಮಾತಾಡುವುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. ಏನೋ ಕೇಳುವಳು, ಸುಮ್ಮನಾಗುವಳು, ಆಮೇಲೆ ಹೂಂ ಎನ್ನುವಳು... ಒಳಗಿನಿಂದ ಉತ್ತರ ಬಂದಂತೆ.

ನೆತ್ತರಿನಲ್ಲಿ ಕಾವಲು ಕಾಯುವ ಕಣಗಳಿರುತ್ತವೆ, ಹೊರಗಿನದನ್ನು ಕಂಡರೆ ಮೇಲೆ ಬೀಳುತ್ತವೆ, ಅವನ್ನು ತಡೆಯುವ ಗುಳಿಗೆಯನ್ನು ಜೀವ ಇರುವತನಕ ಬಿಡುವಂತಿಲ್ಲ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಆ ಗುಳಿಗೆಯಿಂದ ಚಿಗವ್ವನ ಮುಖ ಬಾತು ಗುಂಡಗಾಗಿತ್ತು. ಮನೆಯ ಕನ್ನಡಿಯನ್ನು ಗೋಡೆಗೆ ಮುಖಮಾಡಿ ಇಟ್ಟುಬಿಟ್ಟಿದ್ದಳು.

ಆಪರೇಶನ್ ಆಗಿ ವರ್ಷ ತುಂಬಿದ ಮೇಲೆ ಮುತ್ತೈದೆಯರನ್ನು ಕರೆದಳು. ಸೆರಗೊಡ್ಡಿ, ಅಕ್ಕಿ, ಕೊಬ್ಬರಿ, ಉತ್ತತ್ತಿಯ ಉಡಿ ತುಂಬಿಸಿಕೊಂಡಳು... ತನಗಲ್ಲ, ಅದಕ್ಕೆ. ಅಂದಿನಿಂದ ಗುಳಿಗೆ ಬಿಟ್ಟಳು.

"ನಿನಗ ನಮ್ಮ ನಾಯಿ ಈಗ ಬೊಗಳತೈತೇನು?"

"ಇಲ್ರಿ ಚಿಗವ್ವ."

"ಮತ್ತ? ವರ್ಷ ಉಂಡಾಕಿ ಮನಿಯಾಕೀನ. ಇನ್ನ ಯಾಕ ಗುಳಿಗಿ?"

ನಾನೂ ಆಗಷ್ಟೇ ವರ್ಷ ಕಳೆದ ಸೊಸೆ, ಆ ಮಾತು ನನಗೂ ಖರೆ ಅನ್ನಿಸಿತು. ಗಂಡ ಬೈದರೂ ರಮಿಸಿದರೂ ಆಕೆ ಹಟ ಬಿಡಲಿಲ್ಲ.

ಕೆಲವೇ ವಾರಗಳಲ್ಲಿ ಜ್ವರ ಬಂತು. ಮೂತ್ರ ನಿಂತಿತು. ಆ ಜಾಗ ಉಬ್ಬಿ ಕೆಂಡವಾಯಿತು. ಒಳಗಿನ ಕಾವಲಿಗೆ ವರ್ಷದ ಒಡನಾಟ ಲೆಕ್ಕಕ್ಕೇ ಇರಲಿಲ್ಲ.

"ಆಕಿನ್ನ ಬಡ್ಯಾಕ ಹತ್ಯಾರ... ಅಳೂದು ಕೇಳತೈತಿ," ಎನ್ನುತ್ತ ಚಿಗವ್ವ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಳ್ಳುತ್ತಿದ್ದಳು. ನಾನೂ ಬಗ್ಗಿ ಕಿವಿಗೊಟ್ಟೆ. ಏನೂ ಕೇಳಲಿಲ್ಲ ಅಂತ ಆಣೆ ಮಾಡಿ ಹೇಳಲಾರೆ. ಮದ್ರಾಸಿಗೆ ಒಯ್ಯುವಾಗ ದಾರಿಯಲ್ಲೇ ಜೀವ ಹೋಯಿತು.

ಮಣ್ಣಿನ ಹೊತ್ತಿಗೆ ದೊಡ್ಡವ್ವ ಕುಕನೂರಿನಿಂದ ಬಂದಳು. ಅಳಲಿಲ್ಲ. ತಂಗಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿದಳು. ಮತ್ತೆ ಬಗ್ಗಿ ಇನ್ನೊಂದು ಹಿಡಿ ತೆಗೆದುಕೊಂಡು, "ಇದು ನಂದು," ಎಂದು ಮೆಲ್ಲಗೆ ಬಿಟ್ಟಳು. ಪಕ್ಕದಲ್ಲಿದ್ದವರು ಹಿಂದೆ ಸರಿದರು.

ಈಗ ನಾನೂ ಮುದುಕಿಯಾಗಿದ್ದೇನೆ. ಸುಖದುಃಖ ಹೇಳಿಕೊಳ್ಳಲು ಚಿಗವ್ವನಂಥ ಇನ್ನೊಬ್ಬಳು ನನಗೆ ಸಿಗಲೇ ಇಲ್ಲ. ಆ ನೋವು ಹಾಗೇ ಉಳಿದಿದೆ. ದೊಡ್ಡವ್ವ ಮಾತ್ರ ತೊಂಬತ್ತರ ಹತ್ತಿರ ಬಂದರೂ ಗಟ್ಟಿಯಾಗಿದ್ದಾಳೆ. ಹೋದ ತಿಂಗಳು ಕುಕನೂರಿಗೆ ಹೋದಾಗ, ಹೆಂಗದೀರಿ ದೊಡ್ಡವ್ವ, ಅಂತ ಕೇಳಿದೆ.

"ಮಣ್ಣಿನ ಮ್ಯಾಲಿಂದು ಛಲೋ ಐತವ್ವ," ಅಂದಳು.